ಅಳಬಾರದ ಮನೆ

ನವೆಂಬರ್ 9
ಏಳೂವರೆಯ ಬಸ್ಸು ಇವತ್ತೂ ತಪ್ಪಿತು. ಕಾಪುವಿನಿಂದ ಉಡುಪಿ ತಲುಪುವಾಗ ಬಟ್ಟೆ ಅಂಗಡಿ ತೆರೆದಾಗಿತ್ತು. ಸೂಪರ್‌ವೈಸರ್ ನನ್ನ ಮುಖ ನೋಡಿ, ಸ್ವಲ್ಪ ದಿನ ನಾಲ್ಕಕ್ಕೇ ಮನೆಗೆ ಹೋಗು ಎಂದರು. ಮಗಳನ್ನು ಕಳಕೊಂಡವಳು ಎಂದು ಎಲ್ಲರೂ ರಿಯಾಯಿತಿ ಕೊಡುತ್ತಾರೆ. ಯಾರಿಗೆ ಬೇಕು ಅದು...

ಧೃತಿ ಹೋಗಿ ಇಪ್ಪತ್ತಾರು ದಿನ. ಮೂರು ವರ್ಷದ ಹುಡುಗಿ, ನಾಲ್ಕು ದಿನದ ಜ್ವರ.

ಇವರ ಅಮ್ಮ, ಸುಂದರಿ ಮಾಮಿ, ಮೊದಲ ದಿನವೇ ಹೇಳಿಬಿಟ್ಟರು: "ಕಣ್ಣೀರು ಬಿದ್ದರೆ ಮಗುವಿಗೆ ದಾರಿ ಸಿಗುವುದಿಲ್ಲ. ನಲವತ್ತು ದಿನ ಈ ಮನೆಯಲ್ಲಿ ಯಾರೂ ಅಳಬಾರದು." ಇವರು ತಲೆಯಾಡಿಸಿದರು. ನಾನೂ. ಅಂದಿನಿಂದ ಇಬ್ಬರೂ ಭಾರೀ ಒಳ್ಳೆಯವರು. "ಊಟ ಆಯ್ತಾ?" "ಆಯ್ತು, ನಿಮ್ಮದು?" ಲಾಡ್ಜಿನಲ್ಲಿ ಅಕ್ಕಪಕ್ಕದ ರೂಮಿನವರ ಹಾಗೆ.

ನವೆಂಬರ್ 11
ಇವರು ಮಲ್ಪೆಗೆ ಹೋದರು. ಮೀನಿನ ಬೋಟು ವಾಪಸ್ ಬರುವುದು ಹತ್ತು ದಿನ ಬಿಟ್ಟು. ಹೊರಡುವಾಗ ಎಂತಾದರೂ ಹೇಳಿಯಾರು ಎಂದು ಕಾದೆ. "ಗ್ಯಾಸ್ ಬುಕ್ ಮಾಡು" ಎಂದರು. ಮೈಯೆಲ್ಲ ಉರಿಯಿತು. ನಗುತ್ತಾ ಕಳಿಸಿದೆ.

ನವೆಂಬರ್ 13, ಸಂಜೆ 5
ಬಚ್ಚಲಲ್ಲಿ ಯಾರೋ ಅತ್ತರು. ಗಂಡಸಿನ ಅಳು, ಬಾಯಿಗೆ ಟವೆಲ್ ಒತ್ತಿಕೊಂಡು. ನಡುವೆ ಒಂದು ಕೆಮ್ಮು — ಇವರದ್ದೇ. ಆರು ವರ್ಷದಿಂದ ಕೇಳಿದ ಕೆಮ್ಮು, ತಪ್ಪುವುದುಂಟೇ?

ಬಾಗಿಲು ತಳ್ಳಿದೆ. ನೆಲ ಒಣಗಿತ್ತು. ಬಕೆಟ್ ಕವುಚಿ ಹಾಕಿದ ಹಾಗೇ ಇತ್ತು. ಇವರು ಸಮುದ್ರದಲ್ಲಿ.

ನವೆಂಬರ್ 14
ಪುನಃ. ಅದೇ ಐದು ಗಂಟೆ. ಮಾಮಿ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು.
"ಎಂತಾದರೂ ಕೇಳ್ತದಾ ಮಾಮಿ?"
"ಎಂತದ್ದೂ ಇಲ್ಲ."
ಆದರೆ ಎಲೆ ಕತ್ತರಿಸುವ ಕೈ ನಿಂತಿತ್ತು.

ನವೆಂಬರ್ 22, ಬೆಳಿಗ್ಗೆ
ಬಜಗೋಳಿಯಲ್ಲಿದ್ದೆ, ಅಮ್ಮನ ಮನೆಯಲ್ಲಿ. ಆರು ದಿನ. ಅಲ್ಲಿ ಸದ್ದಿಲ್ಲ, ನಿದ್ದೆ ಬಂತು. ಇನ್ನು ಕಾಪುವಿಗೆ ಹೋಗುವುದೇ ಬೇಡ ಎಂದಾಯಿತು... ಇವರನ್ನೇ ಬಿಟ್ಟುಬಿಡಬೇಕೆಂದೂ. ಹೌದು, ಬರೆದೆ. ಹೀಗೆ ಗೋಡೆಯ ಜೊತೆ ಎಷ್ಟು ದಿನ ಬಾಳುವುದು? ಕೊನೆಗೆ ಇವರ ಬೋಟು ಬಂತೆಂದು ಫೋನ್ ಬಂದದ್ದಕ್ಕೆ, ಒಮ್ಮೆ ಮುಖ ನೋಡಿಯೇ ಹೇಳುವ ಎಂದು ನಿನ್ನೆ ಬಂದೆ.

ಈಗ ಚಹಾ ಕುಡಿಯುತ್ತಾ ಇವರೇ ಶುರು ಮಾಡಿದರು.
"ನಿನ್ನೆ ಅಡುಗೆಮನೆಯಲ್ಲಿ ಅಷ್ಟು ಅತ್ತದ್ದು ಯಾಕೆ? ಒಳಗೆ ಬರುವ ಅಂತ ಇದ್ದೆ. ನಿನಗೆ ಬೇಜಾರಾದೀತು ಅಂತ ಜಗಲಿಯಿಂದಲೇ ಪೇಟೆಗೆ ಹೋದೆ, ರಾತ್ರಿ ಬಂದೆ."
"ಎಷ್ಟು ಗಂಟೆಗೆ?"
"ಐದು ಆಗಿರಬೇಕು."
ನಾನು ಬಸ್ಸಿಳಿದದ್ದು ಏಳಕ್ಕೆ. ಹೇಳಿದೆ. ಇವರು ಲೋಟ ಕೆಳಗಿಟ್ಟರು.
"ನೀವು ಬಚ್ಚಲಲ್ಲಿ ಅಳುವುದುಂಟಾ?"
"ಇಲ್ಲ. ಬೋಟಿನಲ್ಲಿಯೂ ಇಲ್ಲ. ಒಮ್ಮೆಯೂ ಇಲ್ಲ."
"ನಾನೂ ಇಲ್ಲ."
ಬಿಟ್ಟುಹೋಗುವ ಮಾತು ಆಡಲಿಲ್ಲ. ಪಾಪ ಅನಿಸಿತು, ನಮ್ಮಿಬ್ಬರನ್ನೂ ನೆನೆದು.

ನವೆಂಬರ್ 23, ಸಂಜೆ 5.20
ನಲವತ್ತನೆಯ ದಿನ. "ಇವತ್ತೊಂದು ದಿನ ತಡೆಯಿರಿ" ಎಂದು ಹೇಳಿ ಮಾಮಿ ದೇವಸ್ಥಾನಕ್ಕೆ ಹೋದರು. ನಾವಿಬ್ಬರೂ ಜಗಲಿಯಲ್ಲಿ.

ಒಳಗೆ ಶುರುವಾಯಿತು. ಬಚ್ಚಲಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು. ಆಮೇಲೆ ಎರಡೂ ಧೃತಿ ಮಲಗುತ್ತಿದ್ದ ಕೋಣೆಗೆ ಬಂದವು. ಅಡುಗೆಮನೆಯವಳು ಬಚ್ಚಲಿನವನನ್ನು ಸಮಾಧಾನ ಮಾಡುತ್ತಿದ್ದಾಳೆ, ನನ್ನ ಸ್ವರದಲ್ಲಿ. ನಾನು ಇವರಿಗೆ ಹೇಳಬೇಕಿದ್ದ ಒಂದೊಂದು ಮಾತೂ. ಭಯಕ್ಕಿಂತ ಹೊಟ್ಟೆಕಿಚ್ಚಾಯಿತು.

ಇವರ ಕೈ ಹಿಡಿದೆ. "ಅಳಿ ನೀವು. ಮಾಮಿ ಬೈದರೆ ಬೈಯಲಿ."

ಇವರು ಬಾಯಿ ತೆರೆದರು. ಭುಜ ಕುಲುಕಿತು, ಮುಖ ಕಿವುಚಿಕೊಂಡಿತು. ಸದ್ದು ಮಾತ್ರ ಒಳಗಿನ ಕೋಣೆಯಿಂದಲೇ ಬಂತು.

ಕೈ ಬಿಟ್ಟಿಲ್ಲ. ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಇವರ ಹೆಸರು ಹಿಡಿದು ಕರೆಯಲು ನೋಡಿದೆ, ನನ್ನ ಗಂಟಲಿನಿಂದಲೂ ಸದ್ದು ಹೊರಡಲಿಲ್ಲ. ಆ ಹೆಸರು ಒಳಗಿನ ಕೋಣೆಯಿಂದ ಕೇಳಿಸಿತು, ನನ್ನ ಸ್ವರದಲ್ಲಿ.