ಕರಿಕೋಳಿಗೆ ನಾಲ್ಕು ದಿನ ಜೈಲು

ಜಾವಗಲ್, ಭಾನುವಾರ

ಹುಲಿಕೆರೆ ಬೀಗಿತ್ತಿ ಗೌರಮ್ಮನವರಿಗೆ ನಿಂಗಮ್ಮನ ನಮಸ್ಕಾರ.

ಫೋನಿನಲ್ಲಿ ಮಾತಾಡಿದರೆ ನಿಮ್ಮ ಮಗಳ ಕಿವಿಗೆ ಬೀಳುತ್ತದೆ, ಅದಕ್ಕೇ ಈ ಪತ್ರ. ನಿಮ್ಮ ಮನೆಯಲ್ಲಿ ಬೇರೆ ಕೋಳಿಗಳಿಂದ ಪೆಟ್ಟು ತಿಂದು ಪುಕ್ಕ ಕಳೆದುಕೊಂಡಿದ್ದ ಕೋಳಿಯನ್ನು ಹೇಮಾಶ್ರೀ ಮದುವೆಯಾದ ಮರುವಾರ ಇಲ್ಲಿಗೆ ತಂದಳಲ್ಲ, ನನ್ನ ಕರಿಕೋಳಿ ಇಲ್ಲಿಯೂ ಅದನ್ನು ಕುಕ್ಕಿ ಅಟ್ಟಾಡಿಸಿತು. ಸೊಸೆ ತನ್ನ ಕೋಳಿಯನ್ನು ಬಚ್ಚಿಡುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕರಿಕೋಳಿಯನ್ನೇ ಹಿಡಿದು ಬಿದಿರು ಮಂಕರಿಯಡಿ ಕವುಚಿ ಹಾಕಿದಳು.

"ನನ್ ಕೋಳಿಗೇ ಜೈಲೇನೇ?" ಎಂದು ಕೂಗಾಡಿದೆ.

"ಹೊಡೆಯೋದು ನಾಲ್ಕ್ ದಿನ ಒಳಗಿರ್ಲಿ ಅತ್ತೆ, ಹೆದರ್ಕಂಡಿರೋದು ಓಡಾಡ್ಲಿ," ಎಂದಳು.

ಬಂದಾಗಿನಿಂದ ಅವಳು ನನ್ನೆದುರು ಬಾಯಿಬಿಟ್ಟಿದ್ದು ಅದೇ ಮೊದಲು. ನಾನು ಮೂರು ದಿನ ಮಾತು ಬಿಟ್ಟೆ. ಐದನೇ ದಿನ ಕರಿಕೋಳಿ ಹೊರಬಂದಾಗ ನಿಮ್ಮ ಕೋಳಿ ಓಡಲಿಲ್ಲ, ಕತ್ತೆತ್ತಿ ನಿಂತಿತು. ಆಮೇಲೆ ಎರಡೂ ಒಂದೇ ಕಡೆ ರಾಗಿ ತಿಂದವು. ನಾನೂ ಸೊಸೆಯೂ ಜಗಲಿಯಲ್ಲಿ ಕೂತು ನಕ್ಕಿದ್ದೇ ನಕ್ಕಿದ್ದು.

ಮುಂದಿನ ಭಾನುವಾರ ಊಟಕ್ಕೆ ಬನ್ನಿ. ಕೋಳಿಸಾರು ಮಾತ್ರ ಕೇಳಬೇಡಿ. ನಿಮ್ಮ ಮಗಳು ಎಲ್ಲ ಕೋಳಿಗೂ ಹೆಸರಿಟ್ಟಿದ್ದಾಳೆ. ಕರಿಕೋಳಿಗೆ ಇಟ್ಟಿರುವುದು ನನ್ನ ಹೆಸರು.

ಇಂತಿ,
ಮನೆಯೊಳಗಿನ ನಿಂಗಮ್ಮ