ಮಳೆ ಹಿಂತಿರುಗುವ ಲೆಕ್ಕ

ಘಾಜಿಯಾಬಾದ್
14 ನವೆಂಬರ್ 2025

ಮುದ್ದಿನ ಅಪೂರ್ವ,

ಆಶೀರ್ವಾದಗಳು. ದಾವಣಗೆರೆಯಲ್ಲಿ ನೀನೂ ಅಜ್ಜಿಯೂ ಆರೋಗ್ಯವಾಗಿದ್ದೀರೆಂದುಕೊಂಡಿದ್ದೇನೆ. ನಿನ್ನ ಪತ್ರಕ್ಕೆ ಉತ್ತರಿಸುವುದು ತುಂಬ ತಡವಾಯಿತು, ಕೋಪ ಬೇಡ. ಈ ಸುದ್ದಿಯನ್ನು ಫೋನಿನಲ್ಲಿ ಹೇಳಿದರೆ "ಅಚ್ಛಾ, ಸೂಪರ್ ಮಮ್ಮಾ" ಎಂದು ಮುಗಿಸಿಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಬುಧವಾರದಿಂದ ನಿನ್ನ ಅಮ್ಮ ಡಾಕ್ಟರ್ ಹಂಸಿನಿ! ನಲವತ್ತೇಳನೆಯ ವಯಸ್ಸಿನಲ್ಲಿ!

ಹೋದ ವರ್ಷ ನನ್ನ ಪಿಎಚ್.ಡಿ. ಪ್ರಬಂಧವನ್ನು ವಾಪಸ್ ಕಳಿಸಿದ್ದ ಪ್ರೊಫೆಸರ್ ಕೃಷ್ಣಮೂರ್ತಿಯವರೇ ಈ ಸಲದ ಮೌಖಿಕ ಪರೀಕ್ಷೆಗೂ ಪರೀಕ್ಷಕರು. ಜನ, ಕಾರ್ಖಾನೆ, ಹೊಗೆ, ಮೋಡ, ಮಳೆ ಇವುಗಳಲ್ಲಿ ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆಂಬ ಐದು ಸಮೀಕರಣಗಳನ್ನು ಬೋರ್ಡಿನ ಮೇಲೆ ಬರೆದೆ.

"ಹನಿ ಕಟ್ಟೋದಕ್ಕೆ ಕಣಗಳು ಬೇಕಲ್ಲ? ಹೊಗೆ ಹೆಚ್ಚಾದ್ರೆ ಮಳೆನೂ ಹೆಚ್ಚಬೇಕು," ಎಂದರು.

"ಸ್ವಲ್ಪ ಬೇಕು ಸರ್. ಅತಿಯಾದ್ರೆ ಇರೋ ನೀರನ್ನೇ ಎಲ್ಲ ಕಣಗಳೂ ಹಂಚಿಕೊಳ್ಳುತ್ತವೆ. ಹನಿ ಸಣ್ಣದಾಗೇ ಉಳಿಯುತ್ತೆ, ಕೆಳಗೆ ಬೀಳೋದಿಲ್ಲ."

"ನಿಂತ ಮಳೆ ಮತ್ತೆ ಬರುತ್ತೆ ಅಂತ ಸಾಬೀತು ಮಾಡ್ತೀರಾ?"

ಹೋದ ಸಲ ನಾನು ಸೋತದ್ದು ಇಲ್ಲೇ. ಈ ಸಲ ಟಿಪ್ಪಣಿಯ ಕಡೆಗೂ ನೋಡಲಿಲ್ಲ. ಹೊಗೆಯನ್ನು ತಗ್ಗಿಸುವ ವೇಗ ಒಂದು ಮಿತಿ ದಾಟಿದರೆ ಮಳೆ ಹಳೆಯ ಮಟ್ಟಕ್ಕೆ ಮರಳುತ್ತದೆ. ಸಣ್ಣಪುಟ್ಟ ಏರುಪೇರಾದರೂ ಅಲ್ಲೇ ನೆಲೆಯಾಗುತ್ತದೆಂದು ಸಾಧಿಸಿ ತೋರಿಸಿದೆ. ನಲವತ್ತು ನಿಮಿಷ, ಎರಡು ಬೋರ್ಡು. ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು ತಿರುಗಿದರೆ, ಅವರು ಎದ್ದು ನಿಂತಿದ್ದಾರೆ! "ಗೆದ್ದಿರಮ್ಮ. ಹೋದ ವರ್ಷ ವಾಪಸ್ ಕಳಿಸಿದ್ದು ಒಳ್ಳೇದೇ ಆಯ್ತು ನೋಡಿ," ಎಂದರು. ನಗು, ಅಳು ಒಟ್ಟಿಗೇ ಬಂದವು.

ಹೊರಗೆ ನಿನ್ನ ಅಪ್ಪ ರಜೆ ಹಾಕಿ ಬಂದು ಜಿಲೇಬಿ ಹಿಡಿದು ಕಾದಿದ್ದರು. ಫಲಿತಾಂಶ ತಿಳಿಯುವ ಮೊದಲೇ ಗೇಟಿನ ಕಾವಲುಗಾರ ಕಿಶನ್ ಭಯ್ಯಾನಿಗೆ ಅರ್ಧ ಹಂಚಿಯಾಗಿತ್ತು! ಇನ್ನು ಮೇಡಂ ದಿಲ್ಲಿಗೆ ಮಳೆ ತರಿಸುತ್ತಾರೆಂದು ಆತ ಬಂದವರಿಗೆಲ್ಲ ಸಾರುತ್ತಿದ್ದ.

ಅಜ್ಜಿಗೆ ನಮಸ್ಕಾರ ತಿಳಿಸು. ನಿನ್ನ ಬಾಳು ಬೆಳಗಲಿ, ಮಗಳೇ.

ನಿನ್ನ ಅಮ್ಮ,
ಹಂಸಿನಿ

ತಾ.ಕ.: ಇಲ್ಲಿಯ ಗಾಳಿಗೆ ನಿನ್ನ ಉಸಿರು ಕಟ್ಟತೊಡಗಿದಾಗ ನಿನಗೆ ಒಂಬತ್ತು ವರ್ಷ. ನಿನ್ನೊಬ್ಬಳನ್ನೇ ಅಜ್ಜಿಯ ಮನೆಗೆ ಕಳಿಸಿದೆವು. ಅಪ್ಪನಿಗೆ ದಾವಣಗೆರೆಗೆ ವರ್ಗಾವಣೆ ಸಿಗಲಿಲ್ಲವೆಂದು ಹೇಳಿದ್ದೆ. ಸುಳ್ಳು. ಅಪ್ಪ ಅರ್ಜಿ ಬರೆದು ಸಹಿಯನ್ನೂ ಹಾಕಿದ್ದರು, ಹರಿದವಳು ನಾನು. ಆ ತಿಂಗಳೇ ನನಗೆ ಸಂಶೋಧನೆಗೆ ಸೀಟು ಸಿಕ್ಕಿತ್ತು. ಎಂಟು ವರ್ಷ ನೀನು ಅಪ್ಪನನ್ನು ದೂರಿದೆ, ಅವರು ತುಟಿ ಬಿಚ್ಚಲಿಲ್ಲ. ಇಪ್ಪತ್ತಮೂರರ ಭಾನುವಾರ ರೈಲು ಹತ್ತುತ್ತಿದ್ದೇನೆ. ಬಾಗಿಲು ತೆರೆಯುವುದೂ ಬಿಡುವುದೂ ನಿನ್ನ ಇಷ್ಟ. ನಾನಂತೂ ಬರುತ್ತೇನೆ.