ಊಟದ ಬಸ್ಸಿಗೆ ಮಾತ್ರ

ಹಳೇಬೀಡು,
ಡಿಸೆಂಬರ್ 4, ಗುರುವಾರ

ನನ್ನ ಬಂಗಾರ ತ್ರಿಶಾ,

ಅಮ್ಮನ ಆಶೀರ್ವಾದ. ಪಾರ್ಶ್ವನಾಥ ಸ್ವಾಮಿ ನಿನ್ನನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ಚೆನ್ನಾಗಿಟ್ಟಿರಲಿ. ಫೋನಿರುವಾಗ ಅಮ್ಮ ಕಾಗದ ಯಾಕೆ ಬರೆದಳು ಅಂತ ನಗಬೇಡ. ಫೋನಿನಲ್ಲಾದರೆ ನಾನು ಒಂದು ಮಾತು ಮುಗಿಸುವುದರೊಳಗೆ ನೀನು ಮೂರು ಪ್ರಶ್ನೆ ಕೇಳುತ್ತೀಯ, ಮೂರನೆಯದಕ್ಕೆ ನಾನು ನಿಜ ಹೇಳಿಬಿಡುತ್ತೇನೆ. ಕಾಗದದಲ್ಲಿ ಆ ಭಯವಿಲ್ಲ.

ಬಸ್ಸಿನ ಕಂಡಕ್ಟರ್ ಕೈಲಿ ಈ ಕಾಗದದ ಜೊತೆ ಚೀಲವೊಂದನ್ನು ಕಳಿಸಿದ್ದೇನೆ. ಒಣಶುಂಠಿ, ಮೆಣಸು, ಉಂಡೆಗೆ ಅಂಟು, ಬೆಲ್ಲ, ಕೊಬ್ಬರಿ ಎಲ್ಲಾ ಇದೆ. ಕೊಬ್ಬರಿಗೇ ಹೆಸರಾದ ನಿನ್ನ ಅರಸೀಕೆರೆಗೆ ಕೊಬ್ಬರಿ ಕಳಿಸುವ ಹೆಂಗಸು ನಾನೊಬ್ಬಳೇ ಇರಬೇಕು. ಚೀಲ ನೋಡಿದ ಕೂಡಲೇ ನಿನಗೆ ಅರ್ಥವಾಗಿರುತ್ತದೆ. ಬಾಣಂತನಕ್ಕೆ ಬರುವವಳು ಸಾಮಾನನ್ನು ಜೊತೆಗೇ ತರುತ್ತಾಳೆ, ಮುಂದೆ ಕಳಿಸುವುದಿಲ್ಲ. ಹೌದು ಕಣೇ, ನಾನು ಬರುವ ಹಾಗಿಲ್ಲ.

ಮೊದಲನೆಯದನ್ನು ನೀನು ಇಲ್ಲಿ ಹೆತ್ತೆ, ಎರಡನೆಯದಕ್ಕೆ ನಾನೇ ಅಲ್ಲಿಗೆ ಬರುತ್ತೇನೆ ಅಂದವಳು ನಾನು. ನಿಮ್ಮ ಅತ್ತೆಯವರು ಮಂಡಿ ಆಪರೇಷನ್ ಆಗಿ ಮಲಗಿದ್ದಾರೆ, ಸಂಕ್ರಾಂತಿ ಹೊತ್ತಿಗೆ ಹೆರಿಗೆ, ನಿನಗೊಂದು ಚೊಂಬು ಬಿಸಿನೀರು ಕೊಡುವವರಿಲ್ಲ. ಹೋಟೆಲಿಗೆ ಬೀಗ ಹಾಕಿ ಮೂರು ತಿಂಗಳು ನಿನ್ನ ಹತ್ತಿರ ಇರುತ್ತೇನೆ ಅಂತ ಮಾತು ಕೊಟ್ಟಿದ್ದೆ. ಮರೆತಿಲ್ಲ. ಆದರೆ ಆಮೇಲೆ ಇನ್ನೊಂದು ಕಡೆ ಬಾಯಿ ಬಿಟ್ಟೆ.

ದೇವಸ್ಥಾನದ ಮುಂದಿನ ರಸ್ತೆಯನ್ನು ಚೆಂದ ಮಾಡುತ್ತಾರಂತೆ. ಕಲ್ಲುಹಾಸು, ದೀಪದ ಕಂಬ, ಕೂರಲು ಬೆಂಚು. ಗಾಡಿ ಮಾತ್ರ ಒಂದೂ ನಿಲ್ಲಬಾರದು, ಎಲ್ಲಾ ಊರಾಚೆಯ ಹೊಸ ಮೈದಾನಕ್ಕೆ. ಸಾರ್ವಜನಿಕರು ಅಭಿಪ್ರಾಯ ಹೇಳಿ ಅಂತ ಸಮುದಾಯ ಭವನದಲ್ಲಿ ಸಭೆ ಕರೆದರು. ನಾವು ಅಭಿಪ್ರಾಯ ಹೇಳುವ ಮೊದಲೇ ಗೋಡೆಗೆ ಬಣ್ಣದ ನಕ್ಷೆ ಅಂಟಿಸಿದ್ದರು. ನಮ್ಮ ಹೋಟೆಲಿನ ಮುಂದೆ ಬಸ್ಸು ನಿಲ್ಲುವ ಕಡೆ ಒಂದು ಮರ, ಅದರ ಕೆಳಗೆ ಬಿಳಿ ಪ್ಯಾಂಟಿನವನೊಬ್ಬ ನಗುತ್ತಾ ನಿಂತಿದ್ದ. ಆ ಮನುಷ್ಯನನ್ನು ನಾನು ಈ ಊರಲ್ಲಿ ಯಾವತ್ತೂ ಕಂಡಿಲ್ಲ.

ಎಲ್ಲ ಗಾಡಿಗೂ ಅರ್ಧ ಗಂಟೆ ನಿಲ್ಲಲು ಬಿಡಿ ಅಂತ ಕೇಳೋಣ ಎಂದು ಅಂಗಡಿಯವರೆಲ್ಲ ಒಪ್ಪಿದ್ದರು. ಹೇಳುವುದಕ್ಕೆ ನನ್ನನ್ನು ಮುಂದೆ ನೂಕಿದರು. ಸೀಬೆಹಣ್ಣಿನ ಮುದ್ದಮ್ಮ ಬೆನ್ನು ತಟ್ಟಿ, "ಮಾತಾಡ್ರವ್ವ, ನಿಮ್ ಬಾಯಿಗೆ ಆಫೀಸರು ಏನ್ ಮಹಾ" ಅಂದಳು. ನನಗೂ ಅಷ್ಟೇ ಸಾಕಾಯಿತು.

ಎದ್ದು ನಿಂತೆ. ಬೇಲೂರು ನೋಡಿಕೊಂಡು ನಮ್ಮ ಬಸದಿಗೆ ಬರುವ ಜೈನ ಯಾತ್ರಿಕರು ಇಲ್ಲಿಗೆ ತಲುಪುವಾಗ ಹೊತ್ತು ಇಳಿದಿರುತ್ತದೆ, ಸೂರ್ಯ ಮುಳುಗಿದ ಮೇಲೆ ಅವರು ಒಂದು ಅಗುಳೂ ಬಾಯಿಗಿಡುವುದಿಲ್ಲ ಅಂದೆ. "ವಯಸ್ಸಾದವರು ಮೈದಾನದಿಂದ ನಡ್ಕೊಂಡು ಬರೋವರೆಗೆ ಸೂರ್ಯ ಕಾಯ್ತಾನಾ ಸ್ವಾಮಿ? ನಿಮ್ಮ ಸುತ್ತೋಲೆ ಅವನಿಗೂ ತಲುಪಿದ್ಯಾ?" ಅಂತ ಕೇಳಿದೆ. ಸಭೆ ಗೊಳ್ಳೆಂದಿತು. ಅಧಿಕಾರಿಯೂ ನಕ್ಕರು. ಮೈದಾನದ ಹತ್ತಿರವೇ ಹೋಟೆಲಾಗುತ್ತದಲ್ಲಮ್ಮ, ಅಲ್ಲೇ ಉಣ್ಣಲಿ ಅಂದರು. ಅಲ್ಲಿಗೆ ಕೂತಿದ್ದರೆ ಆಗುತ್ತಿತ್ತು. ಜನ ನಗುತ್ತಿದ್ದರಲ್ಲ, ಕೂರಲಾಗಲಿಲ್ಲ. "ಈರುಳ್ಳಿ ಬೆಳ್ಳುಳ್ಳಿ ಮುಟ್ಟದೆ ಯಾರ್ ಮಾಡ್ತಾರೆ ಅಲ್ಲಿ? ನಾನು ಒಲೆ ಮುಂದೆ ನಿಂತ್ರೇನೇ ಅವರು ಉಣ್ಣೋದು. ನಾನಿಲ್ಲ ಅಂದ್ರೆ ಆ ಬಸ್ಸೇ ನಿಲ್ಲಲ್ಲ" ಅಂದುಬಿಟ್ಟೆ. ಚಪ್ಪಾಳೆ ಬಿತ್ತು.

ಅಧಿಕಾರಿ ಒಳ್ಳೆಯವರು. ನಾನು ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಕೊಂಡರು. ಯಾತ್ರಿಕರ ಊಟದ ಬಸ್ಸು ಮಾತ್ರ, ಸೂರ್ಯ ಮುಳುಗುವವರೆಗೆ ಮಾತ್ರ, ಧರ್ಮಾವತಿಯವರ ಹೋಟೆಲಿನ ಮುಂದೆ ನಿಲ್ಲಬಹುದು. ಅದೂ ಧರ್ಮಾವತಿಯವರು ಸ್ವತಃ ಅಡುಗೆ ಮಾಡುವವರೆಗೆ. ಬಾಗಿಲು ಹಾಕಿದರೆ ಅನುಮತಿ ರದ್ದು. ಉಳಿದವರ ಬೇಡಿಕೆಯನ್ನು ಮುಂದೆ ಪರಿಶೀಲಿಸುತ್ತಾರಂತೆ.

ಎಲ್ಲರ ಪರವಾಗಿ ಹೋಗಿ ನನ್ನೊಬ್ಬಳಿಗೇ ತಂದ ಹಾಗಾಯಿತು. ಹೊರಗೆ ಬಂದರೆ ಎಲ್ಲರೂ ಆಗಲೇ ಅವರವರ ಅಂಗಡಿಗೆ ಹೊರಟುಬಿಟ್ಟಿದ್ದರು. ಮುದ್ದಮ್ಮ ಮಾತ್ರ ಬುಟ್ಟಿ ಸೊಂಟಕ್ಕೇರಿಸಿ, "ನಿಮ್ ಸೂರ್ಯ ನಿಮ್ಗೊಬ್ರಿಗೇ ಮುಳುಗ್ತಾನಾ ಧರ್ಮಾವತಮ್ಮ? ನಮ್ ಸೀಬೆಕಾಯಿಗೂ ಒಂದು ಹೊತ್ತು ಅಂತ ಐತೆ" ಅಂದಳು.

ಈಗ ನೋಡು, ನನ್ನನ್ನು ಬೈಯುವವರೂ ನನ್ನ ಬಸ್ಸನ್ನೇ ನಂಬಿದ್ದಾರೆ. ಬೇರೆ ಗಾಡಿ ಬಾರದ ಮೇಲೆ ಅದರಿಂದ ಇಳಿದವರೇ ಸೀಬೆಹಣ್ಣು ತಿನ್ನಬೇಕು, ಅವರೇ ಎಳನೀರು ಕುಡಿಯಬೇಕು. ನಿನ್ನ ಹೆರಿಗೆಯ ವಿಷಯ ಮುದ್ದಮ್ಮನಿಗೆ ಹೇಳಿದೆ. ಹಣ್ಣು ಒರೆಸುತ್ತಲೇ, "ಹೋಗ್ಬ್ಯಾಡಿ ಅನ್ನಾಕೆ ನಾನ್ಯಾರು? ಹೋಗಿ ಅನ್ನಾಕೂ ಬಾಯಿ ಬರಾಕಿಲ್ಲ" ಅಂದಳು. ರಸ್ತೆಗೆ ಆಗಲೇ ಅಡ್ಡ ಹಾಕಿರುವ ಗೇಟಿನ ಕಾವಲಿನವನು ದಿನಾ ಮಧ್ಯಾಹ್ನ ಅಡುಗೆಮನೆಗೆ ಇಣುಕಿ, "ಅಮ್ಮಾ, ಇದ್ದೀರಾ?" ಅಂತ ಕೇಳಿ ಹೋಗುತ್ತಾನೆ. ಮರ್ಯಾದೆಯಾಗಿಯೇ ಕೇಳುತ್ತಾನೆ. ಜೈಲಿನಲ್ಲೂ ಹಾಜರಿಯನ್ನು ಹಾಗೇ ಕೇಳುತ್ತಾರೋ ಏನೋ.

ಪಕ್ಕದಲ್ಲೇ ಕಲ್ಲಿನ ಆನೆ ಮಾರಿಕೊಂಡಿರುವ ನಿನ್ನ ಚಿಕ್ಕಪ್ಪ ನೇಮಿನಾಥ ಬಂದಿದ್ದ. "ಅತ್ತಿಗೆ, ಒಲೆ ನಾನ್ ನೋಡ್ಕೋತೀನಿ, ನೀವು ಹೋಗ್ಬನ್ನಿ" ಅಂದ. ಅನುಮತಿಯಲ್ಲಿ ನಿನ್ನ ಹೆಸರಿಲ್ಲವಲ್ಲಪ್ಪ, ಏನು ಮಾಡೋದು ಅಂದೆ. ಅವನು ನನ್ನ ಮುಖವನ್ನೇ ನೋಡಿ ಎದ್ದು ಹೋದ.

ಅದಕ್ಕೇ ನೀನೇ ಇಲ್ಲಿಗೆ ಬಾ. ಅಡುಗೆಮನೆ ಪಕ್ಕದ ಉಗ್ರಾಣ ಖಾಲಿ ಮಾಡಿ, ಸುಣ್ಣ ಹೊಡೆಸಿ, ಮಂಚ ಹಾಕಿಸಿದ್ದೇನೆ. ಒಲೆ ಆರುವುದೇ ಇಲ್ಲ, ದಿನವಿಡೀ ಬಿಸಿನೀರು. ಹಾಸನದ ಆಸ್ಪತ್ರೆಯೂ ದೂರವಲ್ಲ. ಅತ್ತೆಯವರನ್ನು ಬಿಟ್ಟು ಹೇಗೆ ಬರಲಿ ಅನ್ನುತ್ತೀಯ, ಗೊತ್ತು. ಅವರನ್ನೂ ಕರೆದುಕೊಂಡು ಬಾ, ಇನ್ನೊಂದು ಮಂಚ ಹಿಡಿಸುತ್ತದೆ. ನಿನ್ನನ್ನು ಒಗ್ಗರಣೆ ಘಾಟಿನಲ್ಲಿ ಮಲಗಿಸಬೇಕಾಯಿತಲ್ಲ ಅಂತ ಸಂಕಟವಾಗುತ್ತದೆ. ಆದರೆ ಈ ಒಲೆಯಿಂದ ನಾನು ಎಷ್ಟು ದೂರ ಹೋಗಬಹುದೋ ಅಷ್ಟೇ ದೂರಕ್ಕೆ ನಿನ್ನ ಮಂಚ ಹಾಕಿದ್ದೇನೆ.

ಸೌಟು ಹಿಡಿದೇ ದಾರಿ ಕಾಯುತ್ತಿರುವ
ನಿನ್ನ ಅಮ್ಮ
ಧರ್ಮಾವತಿ

ಮರೆತಿದ್ದೆ: ಚಿಕ್ಕಪ್ಪ ಹೇಗೂ ನಿನಗೆ ಹೇಳುತ್ತಾನೆ, ಅದಕ್ಕೆ ಮೊದಲು ನಾನೇ ಹೇಳುತ್ತೇನೆ. ಅವತ್ತು ಅಧಿಕಾರಿ, ಮನೆಯವರದು ಇನ್ನೊಂದು ಹೆಸರೂ ಸೇರಿಸಲಾ, ನಿಮಗೇ ಅನುಕೂಲ ಅಂತ ಕೇಳಿದ್ದರು. ನೇಮಿನಾಥ ಎದ್ದೂ ನಿಂತಿದ್ದ. ನಿನ್ನ ಹೆರಿಗೆ ನನಗೆ ಆಗ ನೆನಪಿತ್ತು. ಆದರೂ ಬೇಡ ಸ್ವಾಮಿ, ನನ್ನೊಬ್ಬಳದೇ ಇರಲಿ ಅಂದೆ. ನಿನ್ನಪ್ಪ ತೀರಿಕೊಂಡ ವರ್ಷ ಕಂಡವರ ಹೋಟೆಲಿನಲ್ಲಿ ಪಾತ್ರೆ ಉಜ್ಜಿದ ಕೈ ಇದು. ಒಮ್ಮೆ ಸೌಟು ಕೊಟ್ಟರೆ ವಾಪಸ್ಸು ಬರುತ್ತದೆ ಅಂತ ಇದಕ್ಕೆ ನಂಬಿಕೆಯಿಲ್ಲ.

ಇನ್ನೊಂದು. ಕಾರಿನಲ್ಲಿ ಬಂದರೆ ಬಾಗಿಲವರೆಗೆ ಬಿಡುವುದಿಲ್ಲ, ತುಂಬು ಬಸುರಿ ಮೈದಾನದಿಂದ ನಡೆಯಬೇಕಾಗುತ್ತದೆ. ಸೋಮವಾರ ಅರಸೀಕೆರೆಯ ಸಹಸ್ರಕೂಟ ಬಸದಿ ನೋಡಿಕೊಂಡು ಯಾತ್ರಿಕರ ಬಸ್ಸೊಂದು ಇಲ್ಲಿಗೆ ಬರುತ್ತದೆ. ಅದರಲ್ಲಿ ನಿಮಗೆ ಜಾಗ ಹೇಳಿಟ್ಟಿದ್ದೇನೆ. ಗೇಟಿನವನು ಕೇಳಿದರೆ ಧರ್ಮಾವತಮ್ಮನ ಮಗಳು ಅನ್ನಬೇಡ. ಊಟಕ್ಕೆ ಬಂದವಳು ಅನ್ನು.